ತೊಟ್ಟು ಮುರಿಯುವಷ್ಟು ಹೊತ್ತು

ಭಾನುವಾರ, ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿದೆ. ಬಾಪೂಜಿ ನಗರದ ತಿರುವಿನಿಂದ ಮೈಸೂರು ರಸ್ತೆಗೆ ಬಂದರೆ, ಬಾಗಿಲು ಹಾಕಿದ ಟೈಲ್ಸ್ ಅಂಗಡಿಯೊಂದರ ಮೆಟ್ಟಿಲ ಮೇಲೆ ಶಿವಗಂಗಮ್ಮ ಗೋಣಿಚೀಲ ಹಾಸುತ್ತಿದ್ದಾರೆ. ಮೆಟ್ರೋ ಓಡಲು ಇನ್ನೂ ಹೊತ್ತಿದೆ. ಹೂವಿನ ಟೆಂಪೊ ಒಂದು ಮಾರ್ಕೆಟ್ಟಿನ ಕಡೆಗೆ ಹೋಗುತ್ತದೆ. ಆಮೇಲೆ ರಸ್ತೆಯಲ್ಲಿ ಯಾರೂ ಇಲ್ಲ.

ಶಿವಗಂಗಮ್ಮ ಕೈಚೀಲದಿಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಜೋಡಿಸುತ್ತಾರೆ. ಎಡಗಡೆ ಹಳೆಯ ಡಬ್ಬಿಗಳು. ಅವುಗಳಲ್ಲಿ ಒದ್ದೆ ಮಣ್ಣು, ಟೀ ಚರಟ, ಎರೆಹುಳು. ಬಲಗಡೆ ಹೊಸವು. ಮುಚ್ಚಳ ತೆಗೆದರೆ ಒಣಸೀಗಡಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತದೆ. ಒಳಗೆ ಬೆರಳುದ್ದದ, ಕಂದು ಬಣ್ಣದ ಮೆತ್ತನೆಯ ಹುಳಗಳು. ಮುಟ್ಟಿದರೆ ಬಾಲ ಅಲ್ಲಾಡುತ್ತದೆ, ಆದರೆ ಜೀವವಿಲ್ಲ. ಪ್ಲಾಸ್ಟಿಕ್ಕಿನವು. ಗಾಳ ಹಾಕುವವರು ಇದಕ್ಕೆ ರಬ್ಬರ್ ಹುಳ ಅನ್ನುತ್ತಾರೆ. ಎರಡು ಅಡಿ ದೂರದಲ್ಲಿ ಬೂದು ಬೆಕ್ಕೊಂದು ಬಂದು ಕೂತು ಡಬ್ಬಿಯನ್ನೇ ನೋಡುತ್ತಿದೆ.

"ಹೋಗೇ, ನಿಂಗಲ್ಲ ಇದು," ಎಂದು ಗದರುತ್ತಾರೆ. "ವಾಸನೆ ನೋಡ್ಕೊಂಡು ಬಂದ್ಬಿಡ್ತಾಳೆ. ಮೂರು ತಿಂಗಳಿಂದ ನಂಗಿಂತ ಮುಂಚೆ ಇವಳೇ ಡ್ಯೂಟಿಗೆ ಹಾಜರು."

ಅವರಿಗೀಗ ಅರವತ್ತಾರು. ಈ ಮೆಟ್ಟಿಲ ಮೇಲೆ ಕೂತು ಗಾಳದವರಿಗೆ ಎರೆ ಮಾರಲು ಶುರುಮಾಡಿ ಮೂವತ್ತೊಂದು ವರ್ಷ. ರಾಜಾಜಿನಗರ, ವಿಜಯನಗರ, ಮೂಡಲಪಾಳ್ಯದ ಕಡೆಯಿಂದ ಕೆಂಗೇರಿ ದಿಕ್ಕಿಗೆ ಮೀನು ಹಿಡಿಯಲು ಹೋಗುವವರು ಭಾನುವಾರ ಬೆಳಗ್ಗೆ ಇಲ್ಲಿ ಒಂದು ಗಳಿಗೆ ಸ್ಕೂಟರ್ ನಿಲ್ಲಿಸುತ್ತಾರೆ, ಡಬ್ಬಿ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಏಳು ಗಂಟೆಗೆ ಚೀಲ ಮಡಚಿದರೆ, ಹಗಲಿನಲ್ಲಿ ಈ ರಸ್ತೆಯಲ್ಲಿ ಓಡಾಡುವ ಸಾವಿರಾರು ಜನರಿಗೆ ಇಂಥವರೊಬ್ಬರು ಇಲ್ಲಿ ಕೂರುತ್ತಾರೆ ಎಂಬುದೇ ತಿಳಿಯದು.

ವಾರದ ದಿನಗಳಲ್ಲಿ ವಿಜಯನಗರದ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಾರೆ. ಹುಳುಗಳಿಗೆ ಹಾಕುವ ಟೀ ಚರಟ ಅಲ್ಲಿಯದೇ. ಶನಿವಾರ ಮಧ್ಯಾಹ್ನ ಮನೆ ಹಿಂದಿನ ಗಲ್ಲಿಯ ದನದ ಕೊಟ್ಟಿಗೆಗೆ ಹೋಗಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಳು ಅಗೆಯುತ್ತಾರೆ. ಡಬ್ಬಿಗೆ ಐವತ್ತು ಹುಳು. ಒಳ್ಳೆಯ ದಿನಗಳಲ್ಲಿ ನಲವತ್ತು ಡಬ್ಬಿ ಹೋಗುತ್ತಿದ್ದವು. ಅಂದರೆ ಒಂದು ಮಧ್ಯಾಹ್ನಕ್ಕೆ ಎರಡು ಸಾವಿರ ಹುಳು. ಗಂಡ ತೀರಿಕೊಂಡಾಗ ಮಗಳು ಕವನಾ ಇನ್ನೂ ಎರಡನೇ ಕ್ಲಾಸು. ಹೋಟೆಲಿನ ಕೆಲಸ ಹೊಟ್ಟೆಗಾಯಿತು. ಮಗಳ ಓದು, ಮದುವೆ, ಮನೆ ಬಾಡಿಗೆ ಎಲ್ಲ ಈ ಮೆಟ್ಟಿಲ ಮೇಲೆ ನಡೆಯಿತು.

ಹುಳು ಅಗೆಯುವುದು ಅವರಿಗೆ ಅಪ್ಪನಿಂದ ಬಂದ ಕೆಲಸ. ಅಪ್ಪ ಬಿನ್ನಿ ಮಿಲ್ಲಿನಲ್ಲಿ ನೇಯುತ್ತಿದ್ದವರು. ರಜೆ ಸಿಕ್ಕ ದಿನ ಬಿದಿರ ಗಾಳ ಹೆಗಲಿಗಿಟ್ಟು ಕೆರೆ ಕಡೆ ಹೊರಟರೆ ಹಿಂದೆ ಡಬ್ಬಿ ಹಿಡಿದು ಓಡುವವಳು ಮಗಳು. ಅಪ್ಪನಿಗೆ ಬೇಕಿದ್ದದ್ದು ಕೊರಮೀನು. ಹಾವಿನ ತಲೆಯಂಥ ತಲೆ, ಜೊಂಡಿನ ಕೆಳಗೆ ಅಲ್ಲಾಡದೆ ನಿಂತಿದ್ದು ತಟಕ್ಕನೆ ಹೊಡೆಯುವ ಮೀನು.

"ಅಪ್ಪ ಒಂದು ದಿನಾನೂ ನನ್ ಕೈಗೆ ಕೋಲು ಕೊಟ್ಟೋರಲ್ಲ," ಎನ್ನುತ್ತಾರೆ ಶಿವಗಂಗಮ್ಮ. ದೂರಿನ ದನಿಯಲ್ಲ, ನಡೆದದ್ದನ್ನು ಹೇಳುವ ದನಿ. "'ನೀನ್ ಹುಳ ಅಗಿ ಮಗಾ, ನಾನ್ ಹಿಡೀತೀನಿ' ಅನ್ನೋರು. ನಾನ್ ಅಗೀತಿದ್ದೆ. ಕಣ್ಣಂತೂ ಬಿಟ್ಕೊಂಡೇ ಇದ್ನಲ್ಲ, ನೋಡ್ತಿದ್ದೆ."

ಹಾಗೆ ನೋಡಿದ್ದರಲ್ಲಿ ಒಂದು ಮಾತ್ರ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ಕೊರಮೀನು ಎರೆ ಕಚ್ಚಿದ ಕೂಡಲೇ ಅಪ್ಪ ಎಳೆಯುತ್ತಿರಲಿಲ್ಲ. ದಾರ ಸಡಿಲ ಬಿಟ್ಟು, ಜೇಬಿನಿಂದ ವೀಳ್ಯದೆಲೆ ತೆಗೆಯುತ್ತಿದ್ದರು. ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗಿಟ್ಟು, ಆಮೇಲೆ ಎಳೆತ. ಅಷ್ಟರಲ್ಲಿ ಮೀನು ಎರೆಯನ್ನು ಹೊಟ್ಟೆಗೆ ಇಳಿಸಿರುತ್ತಿತ್ತು. ಇನ್ನು ತಪ್ಪಿಸಿಕೊಳ್ಳುವ ಮಾತಿಲ್ಲ. ಈ ಕಡೆಯ ಹಳೆಯ ಗಾಳದವರಿಗೆಲ್ಲ ಇದೇ ಗಡಿಯಾರ: ಎಲೆ ಮಡಿಸುವ ಹೊತ್ತು.

ಕಳೆದ ಯುಗಾದಿಯಾಗಿ ಹದಿನೈದು ದಿನಕ್ಕೆ ಶಿವಗಂಗಮ್ಮನವರ ಮೆಟ್ಟಿಲು ಅಲುಗಾಡಿತು. ಗಿರಾಕಿಗಳಲ್ಲಿ ಮುಕ್ಕಾಲು ಜನ ಹೋಗುವುದು ಕೆಂಗೇರಿ ದಾಟಿ ಒಳದಾರಿಯಲ್ಲಿರುವ ಒಂದು ಖಾಸಗಿ ಕೊಳಕ್ಕೆ. ಟಿಕೆಟ್ ತೆಗೆದುಕೊಂಡು ಗಾಳ ಹಾಕಬಹುದು, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು. ಆ ಕೊಳ ನೋಡಿಕೊಳ್ಳುವವರು ಬಾಗಲಕೋಟೆ ಕಡೆಯ ಹನುಮೇಶ. ಅವರು ಗೇಟಿನ ಮೇಲೆ ಒಂದು ಹಲಗೆ ಬರೆಸಿ ಹಾಕಿದರು: ಇನ್ನು ಮುಂದೆ ಜೀವಂತ ಎರೆ ತರುವಂತಿಲ್ಲ, ರಬ್ಬರ್ ಎರೆ ಮಾತ್ರ.

ಶಿವಗಂಗಮ್ಮ ಬಸ್ಸು ಹತ್ತಿ ಹೋಗಿ ಕೇಳಿದರು. ಹನುಮೇಶ ಕೂರಿಸಿ, ನೀರು ಕೊಟ್ಟು, ಇದ್ದದ್ದನ್ನು ಹೇಳಿದರು.

"ನಿಮ್ಮ ಮ್ಯಾಲೆ ಸಿಟ್ಟಿಲ್ರೀ ಅಮ್ಮಾ. ಬಿಟ್ಟ ಮೀನ ಮರುದಿನ ತೇಲಾಕತ್ತಾವ. ಕೊಯ್ದು ನೋಡಿದ್ರ ಹೊಟ್ಯಾಗ ಗಾಯ. ಇವ್ರು ಎಲಿ ತಿಂದು ಮುಗಿಸೂತನಕ ಅದು ಗಾಳದ ಮುಳ್ಳು ಸೈತ ನುಂಗಿರ್ತೈತಿ. ರಬ್ಬರ್ ಆದ್ರ ನುಂಗೂದಿಲ್ಲ, ತುಟಿಗೆ ಸಿಗ್ತೈತಿ. ಹೊಸಬರಿಗೂ ಸುಲಭ."

ಸುಲಭ ಎಂಬುದೇನೋ ನಿಜ. ಮುಳ್ಳಿನ ಮೊನೆ ರಬ್ಬರ್ ಹುಳದ ಮೈಯೊಳಗೇ ಅಡಗಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಎಸೆಯಬೇಕು, ನಿಧಾನವಾಗಿ ಸುತ್ತಿಕೊಳ್ಳಬೇಕು, ಅಷ್ಟೇ. ಆದರೆ ಹೊಸಬರು ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ, ಮೆಟ್ಟಿಲ ಮುಂದೆ ಯಾಕೆ ನಿಲ್ಲುತ್ತಾರೆ? ಅಲ್ಲಿ ನಿಲ್ಲುವವರು ಹಳಬರು. ಒಂದೇ ತಿಂಗಳಲ್ಲಿ ನಲವತ್ತು ಡಬ್ಬಿ ಒಂಬತ್ತಕ್ಕೆ ಇಳಿಯಿತು. ಶಿವಗಂಗಮ್ಮ ಸಿಟಿ ಮಾರ್ಕೆಟ್ ಹಿಂದಿನ ಗಲ್ಲಿಯಿಂದ ರಬ್ಬರ್ ಹುಳವನ್ನು ಬಿಡಿಯಾಗಿ ತಂದು ಡಬ್ಬಿಗೆ ಹಾಕಿಟ್ಟರು. ಹಳಬರು ತಗೊಂಡರೆ ಮೆಟ್ಟಿಲು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಹಳಬರಲ್ಲಿ ಹಿರಿಯರು ಮೂಡಲಪಾಳ್ಯದ ಮುನಿಯಪ್ಪ. ಎಪ್ಪತ್ತೊಂದು ವರ್ಷ, ಅದರಲ್ಲಿ ಐವತ್ತು ವರ್ಷ ಗಾಳ. ಊರಿನ ಹಳೆಯ ಒಕ್ಕಲು ಮನೆತನ. ಹೊಲವಿದ್ದ ಕಡೆ ಈಗ ಮೂರು ಮಹಡಿ ಇದೆ. ಅವರು ಯಾವುದನ್ನು ಒಪ್ಪುತ್ತಾರೋ ಅದನ್ನು ಉಳಿದ ಹನ್ನೊಂದು ಜನ ಒಪ್ಪುತ್ತಾರೆ. ಆ ಡಬ್ಬಿ ಕಂಡು ಅವರು ಸ್ಕೂಟರಿಂದ ಇಳಿಯಲೇ ಇಲ್ಲ.

"ಏನಮ್ಮ ಗಂಗಮ್ಮ, ಆಟದ್ ಸಾಮಾನಿನ ಅಂಗಡಿ ಇಟ್ಬಿಟ್ಯಾ?"

"ಒಂದ್ಸಲ ನೋಡಿ ಅಣ್ಣ. ನೋಡೋದಕ್ಕೇನು?"

"ನೋಡ್ದೆ. ನಮ್ ಮೊಮ್ಮಗೂಗೆ ಹಲ್ಲು ಬರ್ತಾ ಇದೆ, ಕಚ್ಕೊಳಕ್ಕೆ ಒಂದು ಕೊಡು."

ಆದರೂ ಒಂದು ಡಬ್ಬಿ ತೆಗೆದುಕೊಂಡರು. ಆ ಭಾನುವಾರ ಶಿವಗಂಗಮ್ಮ ಬೇಗ ಚೀಲ ಮಡಚಿ, ಅವರ ಹಿಂದೆಯೇ ಕೊಳಕ್ಕೆ ಹೋಗಿ ಏರಿಯ ಮೇಲೆ ಕೂತರು. ಮುನಿಯಪ್ಪನವರ ಪಕ್ಕದಲ್ಲಿ ಗಾಳ ಹಾಕುತ್ತಿದ್ದವಳು ಬಿಂದುಶ್ರೀ, ವಿಜಯನಗರದ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ಗಾಳ ಹಿಡಿದು ಅದು ಅವಳ ಮೂರನೇ ವಾರ. ಇಬ್ಬರದೂ ಅದೇ ಕಂದು ಹುಳ, ಅದೇ ಜೊಂಡು. ಒಂಬತ್ತು ಗಂಟೆಯೊಳಗೆ ಬಿಂದುಶ್ರೀ ಮೂರು ಮೀನು ಎತ್ತಿ ಬಿಟ್ಟಿದ್ದಳು. ಮುನಿಯಪ್ಪನವರಿಗೆ ನಾಲ್ಕು ಸಲ ಕಚ್ಚಿತು. ಒಂದೂ ಬರಲಿಲ್ಲ.

"ಅಂಕಲ್, ಕಚ್ಚಿದ ತಕ್ಷಣ ಎಳೀರಿ," ಎಂದಳು ಬಿಂದುಶ್ರೀ, ಒಳ್ಳೆಯದಕ್ಕೇ.

"ನೀನ್ ಹುಟ್ಟೋಕ್ ಮುಂಚಿಂದ ಎಳೀತಾ ಇದೀನಿ ಕಣಮ್ಮ," ಎಂದ ಮುನಿಯಪ್ಪ ಹುಳವನ್ನು ಕಿತ್ತು ಡಬ್ಬಿಗೆ ಹಾಕಿದರು. ಹೊರಡುವಾಗ ಶಿವಗಂಗಮ್ಮನವರ ಮುಂದೆ ನಿಂತು, "ಇದು ಕಲಿಯೋರಿಗಮ್ಮ, ನಮಗಲ್ಲ. ಮುಂದಿನ ವಾರದಿಂದ ನಾವ್ಯಾರೂ ಈ ಕಡೆ ಬರಲ್ಲ, ಕಾಯ್ಬೇಡ," ಎಂದರು.

ಬೇರೆ ಯಾರಾದರೂ ಅಲ್ಲಿಗೆ ಕೈಬಿಡುತ್ತಿದ್ದರು. ಶಿವಗಂಗಮ್ಮ ಮಾತ್ರ ಬಸ್ಸಿನಲ್ಲಿ ಬರುವಾಗ ಮೀನಿನ ಬಗ್ಗೆ ಯೋಚಿಸಲಿಲ್ಲ, ಮುನಿಯಪ್ಪನವರ ಎಡಗೈ ಬಗ್ಗೆ ಯೋಚಿಸಿದರು. ನಾಲ್ಕು ಸಲವೂ ಮೀನು ಕಚ್ಚಿದ ಕೂಡಲೇ ಆ ಕೈ ಅಂಗಿಯ ಜೇಬಿಗೆ ಹೋಗಿತ್ತು. ಜೇಬಿನಲ್ಲಿ ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಮೇಲೆ ಅವರು ಎಲೆಅಡಿಕೆ ಬಿಟ್ಟಿದ್ದಾರೆ. ಬಾಯಿ ಬಿಟ್ಟಿತ್ತು, ಕೈ ಬಿಟ್ಟಿರಲಿಲ್ಲ. ಬೆರಳುಗಳು ಜೇಬಿನೊಳಗೆ ಇಲ್ಲದ ಎಲೆಯ ತೊಟ್ಟು ಮುರಿದು, ಇಲ್ಲದ ಸುಣ್ಣ ಸವರಿ, ಮಡಿಸುತ್ತಿದ್ದವು.

"ಅಪ್ಪನ ಕೈ ನೋಡ್ದಂಗಾಯ್ತು ನಂಗೆ," ಎನ್ನುತ್ತಾರೆ. "ಜೀವ ಇರೋ ಹುಳ ಆದ್ರೆ ಮೀನು ಬಿಡಲ್ಲ, ರುಚಿ ಸಿಕ್ಕಿರುತ್ತೆ. ರಬ್ಬರಲ್ಲೇನಿದೆ ರುಚಿ? ಇವರು ಸುಣ್ಣ ಹಚ್ಚೋ ಹೊತ್ಗೆ ಅದು ಥೂ ಅಂತ ಉಗಿದು ಹೋಗಿರುತ್ತೆ. ಆ ಹುಡುಗಿಗೆ ಕಾಯೋದು ಗೊತ್ತಿಲ್ಲ, ಎಳದ್ಲು, ಬಂತು. ಅಣ್ಣಂಗೆ ಕಾಯೋದು ಗೊತ್ತು. ಗೊತ್ತಿರೋದೇ ಕಷ್ಟ ಆಯ್ತು."

ಅಲ್ಲಿಂದ ಮೂರು ವಾರ ಅವರ ಒಂದು ಕೋಣೆಯ ಮನೆಯಲ್ಲಿ ಅಡುಗೆಗಿಂತ ಹುಳದ ಕೆಲಸವೇ ಹೆಚ್ಚಾಯಿತು. ಒಣಸೀಗಡಿ ಹುರಿದು ಪುಡಿ ಮಾಡಿದರು. ಮೊದಲ ಸಲ ಬಿಸಿಬಿಸಿಯಾಗಿಯೇ ಹುಳಗಳ ಮೇಲೆ ಸುರಿದು ಕಲಸಿದ್ದರಿಂದ ಎಲ್ಲ ಕರಗಿ, ಒಂದಕ್ಕೊಂದು ಅಂಟಿ ಹಲ್ವದಂಥ ಮುದ್ದೆಯಾಯಿತು. ಅದನ್ನು ಬಿಸಾಡುವಾಗ ಮಹಡಿ ಮನೆಯ ಯಜಮಾನಿ ಜಗದಾಂಬಾ ಕಟಕಟೆ ಹಿಡಿದು ಬಗ್ಗಿ ಕೇಳಿದರು: "ಶಿವಗಂಗಮ್ಮ, ಒಳಗೇನ್ರೀ ಮಂಗಳೂರು ಬಂದರು ಇಟ್ಕೊಂಡಿದೀರಾ?" ಆಮೇಲಿನ ಕಲಸಾಟವೆಲ್ಲ ದನದ ಕೊಟ್ಟಿಗೆಯಲ್ಲಿ.

ಎರಡನೇ ಸಲ ಪುಡಿ ಆರಿದ ಮೇಲೆ ಕಡಲೆಕಾಯಿ ಎಣ್ಣೆ, ಒಂದು ಹಿಡಿ ಕಲ್ಲುಪ್ಪಿನ ಪುಡಿ ಸೇರಿಸಿ, ಹುಳಗಳಿಗೆ ಹಚ್ಚಿ, ಡಬ್ಬಿ ಮುಚ್ಚಿ ಎರಡು ದಿನ ಇಟ್ಟರು. ಆದರೆ ಮೀನಿಗೆ ಇಷ್ಟವೋ ಇಲ್ಲವೋ ತಿಳಿಯುವುದು ಹೇಗೆ? ಮತ್ತೆ ಹನುಮೇಶರ ಬಳಿ ಹೋದರು. ಅಲ್ಲಿ ಸಿಮೆಂಟಿನ ತೊಟ್ಟಿಯೊಂದರಲ್ಲಿ ಎಳೆಯ ಕೊರಮೀನುಗಳನ್ನು ಸಾಕುತ್ತಾರೆ. ಮುಳ್ಳಿಲ್ಲದ ಹುಳವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಇಬ್ಬರೂ ಬಗ್ಗಿ ಎಣಿಸಿದರು. ಬರೀ ರಬ್ಬರ್: ಒಂದು ಎನ್ನುವಷ್ಟರಲ್ಲಿ ಉಗುಳಿತು. ಸೀಗಡಿ ಹಚ್ಚಿದ್ದು: ಮೂರು. ಉಪ್ಪೂ ಸೇರಿದ್ದು: ಐದು. ಮತ್ತೆ ಮಾಡಿದರು, ಮತ್ತೆ ಐದು.

ಶಿವಗಂಗಮ್ಮನವರ ಮುಖ ಅರಳಿತು. ಹನುಮೇಶರ ಮುಖ ಗಂಟಾಯಿತು.

"ಅಮ್ಮಾ, ಮತ್ತ ಅಲ್ಲಿಗೇ ಬಂತಲ್ರೀ. ಇನ್ನಷ್ಟು ರುಚಿ ಹಚ್ಚಿ ಇಪ್ಪತ್ತು ಎಣಿಸೂ ಹಂಗ ಮಾಡಿದ್ರ ನುಂಗೇ ಬಿಡ್ತೈತಿ. ಆಗ ಈ ರಬ್ಬರನ್ನೂ ಬಂದ್ ಮಾಡ್ಬೇಕಾಕ್ಕೈತಿ."

ಶಿವಗಂಗಮ್ಮ ತೊಟ್ಟಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ಮೀನನ್ನು ಇಪ್ಪತ್ತರವರೆಗೆ ಹಿಡಿದಿಟ್ಟರೆ ಮೀನು ಸಾಯುತ್ತದೆ. ಐದಕ್ಕೆ ನಿಲ್ಲಿಸಿದರೆ ಮುನಿಯಪ್ಪನವರ ಕೈಗೆ ಹೊತ್ತು ಸಾಲದು. ಐವತ್ತು ವರ್ಷ ಎಲೆ ಮಡಿಸಿದ ಕೈಗೆ 'ಕಾಯಬೇಡ, ಎಳಿ' ಎಂದರೆ ಅದು ಕೇಳುವುದಿಲ್ಲ. ಅದನ್ನು ಬಿಂದುಶ್ರೀಯೂ ಹೇಳಿ ನೋಡಿದ್ದಳು. ಕೂತಲ್ಲೇ ತಮ್ಮ ಬೆರಳುಗಳಲ್ಲಿ ಇಲ್ಲದ ಎಲೆಯೊಂದನ್ನು ಮಡಿಸಿ ನೋಡಿದರು. ತೊಟ್ಟು, ಸುಣ್ಣ, ಅಡಿಕೆ, ಮಡಿಕೆ. ಬಾಯಲ್ಲಿ ಎಣಿಸುತ್ತಾ ಮತ್ತೊಮ್ಮೆ ಮಾಡಿದರು. ಜೇಬಿಗೆ ಕೈ ಹೋಗಿ, ಎಲೆ ಹೊರಬಂದು, ತೊಟ್ಟು ಮುರಿಯುವಷ್ಟರಲ್ಲಿ ನಾಲ್ಕು.

ಮುಂದಿನ ಭಾನುವಾರ ಅವರು ಮೆಟ್ಟಿಲಿಗೆ ಹೋಗಲಿಲ್ಲ. ಬೆಳಗಾಗುವ ಹೊತ್ತಿಗೆ ಮೂಡಲಪಾಳ್ಯದ ಮುನಿಯಪ್ಪನವರ ಮನೆ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಒಂದು ಕಟ್ಟು ವೀಳ್ಯದೆಲೆ.

"ಏನಮ್ಮ, ಮದುವೆಗೆ ಕರೆಯೋಕ್ ಬಂದ್ಯಾ?"

"ಗಾಳಕ್ಕೆ ಕರೆಯೋಕ್ ಬಂದೆ ಅಣ್ಣ. ಇದೊಂದ್ ಸಲ. ಆಗಲಿಲ್ಲ ಅಂದ್ರೆ ನಾನೇ ಚೀಲ ಮಡಚಿಟ್ಟು ಮನೇಲಿ ಕೂತ್ಕೋತೀನಿ, ಇನ್ನೊಂದ್ಸಲ ಕೇಳಲ್ಲ."

ಇಬ್ಬರೂ ಸ್ಕೂಟರಿನಲ್ಲಿ ಕೊಳಕ್ಕೆ ಹೋದರು. ಹಳಬರಲ್ಲಿ ಇನ್ನೂ ನಾಲ್ವರು, ಏನಾಗುತ್ತದೋ ನೋಡೋಣ ಎಂದು ಹಿಂದೆ ಬಂದರು. ಶಿವಗಂಗಮ್ಮ ಮುನಿಯಪ್ಪನವರ ಜೇಬಿಗೆ ಎಲೆ ತುಂಬಿ ಹೇಳಿದ್ದು ಇಷ್ಟೇ: "ಕಾಯ್ಬೇಡಿ ಅಂತ ನಾನ್ ಹೇಳಲ್ಲ. ಕಾಯಿರಿ. ಆದ್ರೆ ಎಲೆ ಮಡಿಸ್ಬೇಡಿ. ತೊಟ್ಟು ಮುರೀರಿ, ಎಳೀರಿ."

ಮೊದಲ ಸಲ ಕಚ್ಚಿತು. ಎಲೆ ಹೊರಬಂತು, ತೊಟ್ಟು ಮುರಿಯಿತು, ಹೆಬ್ಬೆರಳು ತನ್ನಷ್ಟಕ್ಕೆ ಸುಣ್ಣ ಸವರಲು ಹೋಯಿತು. ಮೀನು ಹೋಗಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಮುನಿಯಪ್ಪ ಹಲ್ಲು ಕಚ್ಚಿ ಮತ್ತೆ ಎಸೆದರು. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಜೊಂಡಿನ ಬುಡದಲ್ಲಿ ನೀರು ಒಡೆಯಿತು. ಎಲೆ, ತೊಟ್ಟು, ಪಟಕ್. ಮುರಿದ ಸದ್ದಿಗೇ ಕೋಲು ಮೇಲೆದ್ದಿತು, ಬಿಲ್ಲಿನಂತೆ ಬಾಗಿತು. ಹತ್ತು ನಿಮಿಷದ ಮೇಲೆ ಎರಡೂವರೆ ಕೆ.ಜಿ.ಯ ಕೊರಮೀನು ಒದ್ದೆ ಚೀಲದ ಮೇಲಿತ್ತು. ಹನುಮೇಶ ಮಂಡಿಯೂರಿ ಬಾಯಿ ತೆರೆದು ನೋಡಿದರು. ಮುಳ್ಳು ಸರಿಯಾಗಿ ತುಟಿಯ ಮೂಲೆಯಲ್ಲಿ. ಬಿಡಿಸಿ ನೀರಿಗೆ ಬಿಟ್ಟರೆ ಬಾಲ ಒಂದು ಸಲ ಬಡಿದು ಮಾಯ.

ಮುನಿಯಪ್ಪ, ಕೈಯಲ್ಲಿ ಉಳಿದ ತೊಟ್ಟಿಲ್ಲದ ಎಲೆಯನ್ನು ನೋಡುತ್ತಾ, "ಐವತ್ತು ವರ್ಷ ಆದ್ಮೇಲೆ ನಂಗೆ ಪಾಠ ಹೇಳ್ಕೊಟ್ಟಲ್ಲಮ್ಮ ನೀನು," ಎಂದರು.

"ನಾನೆಲ್ಲಿ ಹೇಳ್ಕೊಟ್ಟೆ ಅಣ್ಣ? ನಿಮಗೆ ಗೊತ್ತಿದ್ದಿದ್ರಲ್ಲೇ ಅರ್ಧ ಇಟ್ಕೊಳಿ ಅಂದೆ. ಇನ್ನರ್ಧ ಮೀನು ಕಾಯ್ತು."

ಹೊಸಬರಿಗೆಂದು ಬಂದ ಸುಲಭದ ಎರೆ ಪಳಗಿದ ಕೈಗೆ ಒಗ್ಗುತ್ತದೆಯೇ ಎಂದು ಕೊಳದ ಏರಿಯ ಮೇಲೆ ಈಗಲೂ ವಾದ ನಡೆಯುತ್ತದೆ. ಎರೆಹುಳುವೇ ಸರಿ ಎನ್ನುವ ಇಬ್ಬರು ಇನ್ನೂ ಬೇರೆ ಕೆರೆ ಹುಡುಕಿಕೊಂಡು ಹೋಗುತ್ತಾರೆ. ಎಡಗಡೆಯ ಡಬ್ಬಿಗಳು ಅವರಂಥವರಿಗೆ. ಮುನಿಯಪ್ಪನವರ ದಿನಗಳೂ ಎಲ್ಲ ಒಂದೇ ಥರ ಇರುವುದಿಲ್ಲ, ಮೂರಕ್ಕೊಂದು ಸಲ ಹೆಬ್ಬೆರಳು ಸುಣ್ಣಕ್ಕೆ ಹೋಗಿಬಿಡುತ್ತದೆ. ಆದರೆ ಹನುಮೇಶರ ಕೊಳದಲ್ಲಿ ಎರಡು ತಿಂಗಳಿಂದ ಒಂದು ಮೀನೂ ಸತ್ತು ತೇಲಿಲ್ಲ.

ಮೆಟ್ಟಿಲ ಮೇಲೆ ಈಗ ಐದೂಕಾಲು. ಮೊದಲ ಸ್ಕೂಟರ್ ಬಂದು ನಿಲ್ಲುತ್ತದೆ. ಅದರ ಹಿಂದೆ ಇನ್ನೆರಡು. ಭಾನುವಾರಕ್ಕೆ ಈಗ ಇಪ್ಪತ್ತಾರು ಡಬ್ಬಿ ರಬ್ಬರ್ ಹುಳ ಹೋಗುತ್ತವೆ. ನಲವತ್ತಲ್ಲ, ಆದರೆ ಒಂಬತ್ತೂ ಅಲ್ಲ. ಹಳಬರಿಗೆ ಕೊಡುವ ಡಬ್ಬಿಯೊಳಗೆ, ಮುಚ್ಚಳದ ಕೆಳಗೆ, ತೊಟ್ಟು ಸಮೇತದ ವೀಳ್ಯದೆಲೆಗಳ ಒಂದು ಪುಟ್ಟ ಸುರುಳಿ ಇರುತ್ತದೆ. ಮೊಬೈಲಿನಲ್ಲಿ ತರಿಸಿಕೊಳ್ಳುವುದನ್ನು ಬಿಟ್ಟು ಈಚೆಗೆ ಇಲ್ಲಿಗೇ ಬರುತ್ತಿರುವ ಬಿಂದುಶ್ರೀ ತನ್ನ ಡಬ್ಬಿ ತೆರೆದು ನೋಡಿ ಮುಖ ಊದಿಸುತ್ತಾಳೆ.

"ಆಂಟಿ, ಅಂಕಲ್ ಡಬ್ಬೀಲಿ ಎಲೆ ಇದೆ, ನಂಗ್ಯಾಕಿಲ್ಲ?"

"ನಿಂಗೆ ಬೇಡ ಕಣಮ್ಮ. ನಿಂದು ಸೀದಾ ಎಳೆಯೋ ಕೈ. ಇನ್ನೊಂದಿಪ್ಪತ್ತು ವರ್ಷ ಹಿಡಿ, ಆಗ ಕೊಡ್ತೀನಿ."

"ಅಷ್ಟೊತ್ತಿಗೆ ನಿಮಗೆಷ್ಟು ವಯಸ್ಸಾಗಿರುತ್ತೆ ಆಂಟಿ!"

"ಅದಕ್ಕೇ ಹೇಳಿದ್ದು, ಬೇಗ ಬೇಗ ಹಿಡಿ."

ಏಳು ಗಂಟೆ. ಮೊದಲ ಮೆಟ್ರೋ ತಲೆಯ ಮೇಲೆ ಹಾದುಹೋಗುತ್ತದೆ. ಶಿವಗಂಗಮ್ಮ ಚೀಲ ಕೊಡವಿ ಮಡಚುತ್ತಾರೆ. ಬೆಕ್ಕಿಗೆ ಒಂದು ಚಿಟಿಕೆ ಸೀಗಡಿ ಪುಡಿ ಬೀಳುತ್ತದೆ. ಇನ್ನೊಂದು ಡಬ್ಬಿ ಬೇಕೆಂದು ಕೊಳದ ದಾರಿಯಿಂದ ಹಿಂತಿರುಗಿ ಬಂದ ಮುನಿಯಪ್ಪ, ಕೈಚೀಲದ ತಳದಲ್ಲಿ ಉಳಿದಿರುವ ಡಬ್ಬಿಯನ್ನು ನೋಡಿ ಕೈ ಚಾಚುತ್ತಾರೆ. ಶಿವಗಂಗಮ್ಮ ಚೀಲ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಅದು ಮಾರೋದಕ್ಕಲ್ಲ ಅಣ್ಣ."

"ಮತ್ತೆ ಯಾರಿಗೆ ಎತ್ತಿಟ್ಟಿದೀಯ?"

"ನಂಗೆ," ಎನ್ನುತ್ತಾರೆ. ಸೋಮವಾರ ಕೊಳಕ್ಕೆ ರಜೆ. ಒಂದು ಕೋಲು ತೆಗೆದಿಟ್ಟಿರುತ್ತೇನೆ, ಹೋಟೆಲಿನ ಕೆಲಸ ಮುಗಿಸಿ ಬನ್ನಿ ಎಂದಿದ್ದಾರೆ ಹನುಮೇಶ. ಅರವತ್ತಾರು ವರ್ಷದಲ್ಲಿ ಶಿವಗಂಗಮ್ಮ ಒಂದು ಸಲವೂ ಗಾಳ ಎಸೆದವರಲ್ಲ. "ಹುಳ ಅಗ್ದಿದ್ದಾಯ್ತು, ಮಾಡಿದ್ದೂ ಆಯ್ತು. ನಾಳೆ ಒಂದ್ಸಲ ನಾನೇ ಎಸೆದು ನೋಡ್ಬೇಕು."

ಮುನಿಯಪ್ಪ ತಮ್ಮ ಜೇಬಿಗೆ ಕೈ ಹಾಕಿ, ಇದ್ದುದರಲ್ಲೇ ದೊಡ್ಡ ತೊಟ್ಟಿನ ಎಲೆಯೊಂದನ್ನು ಆರಿಸಿ ಅವರ ಕೈಗಿಡುತ್ತಾರೆ.